ಮೇಗುಟಿಯ ಕಲ್ಲು, ಮಾಳಿಗೆಯ ಮಣ್ಣು

ಐಹೊಳೆಯ ಶಾಸನವೆಂದೊಡನೆ ಇಮ್ಮಡಿ ಪುಲಕೇಶಿಯೂ ಅವನಿಂದ ಹರ್ಷವರ್ಧನನಿಗಾದ ಪರಾಭವವೂ ನೆನಪಿಗೆ ಬರುವುದು ಸಹಜ. ಶಾಲೆಯ ಪಠ್ಯಪುಸ್ತಕಗಳು ಹೇಳುವುದು ಅಷ್ಟನ್ನೇ. ಕವಿ ರವಿಕೀರ್ತಿಯು ಕಾಳಿದಾಸ ಭಾರವಿಗಳಿಗೆ ತನ್ನನ್ನು ಸರಿಗಟ್ಟಿಕೊಂಡ ಸಂಗತಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಆದರೆ ಆ ಶಾಸನ ಹುಟ್ಟಿದ್ದು ಕೇವಲ ಯುದ್ಧವರ್ಣನೆಗಾಗಿಯೂ ಅಲ್ಲ, ಕವಿಯ ಆತ್ಮಪ್ರಶಂಸೆಗಾಗಿಯೂ ಅಲ್ಲ. ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರಲ್ಲಿ, ಐಹೊಳೆಯ ಬೆಟ್ಟದ ಮೇಲೆ ಜಿನೇಂದ್ರನಿಗೆ ಒಂದು ಮಂದಿರವನ್ನು ಕಟ್ಟಿಸಿದುದನ್ನು ಲೋಕಕ್ಕೆ ತಿಳಿಸುವುದೇ ಅದರ ಪ್ರಯೋಜನ. ಆ ಮಂದಿರ ಶಿಲೆಯದು ಎಂಬುದನ್ನು ರವಿಕೀರ್ತಿ ಬಿಡಿಸಿಯೇ ಹೇಳುತ್ತಾನೆ. ರಾಜನ ವಿಜಯಗಳನ್ನು ಇಷ್ಟು ದೀರ್ಘವಾಗಿ ವರ್ಣಿಸಿದ ಕವಿಗೆ, ಕಟ್ಟಡ ಯಾವ ದ್ರವ್ಯದ್ದು ಎಂಬ ಮಾತು ಚಿಕ್ಕದೆನಿಸಲಿಲ್ಲ.

ಅದಕ್ಕೆ ಕಾರಣವುಂಟು. ಅದಕ್ಕೂ ಮುಂಚಿನ ಜಿನಾಲಯಗಳ ವಿಷಯ ನಮಗೆ ತಿಳಿಯುವುದು ಬಹುಮಟ್ಟಿಗೆ ತಾಮ್ರಪಟಗಳಿಂದ. ಕದಂಬ ಮೃಗೇಶವರ್ಮನು ಪಲಾಶಿಕೆಯಲ್ಲಿ, ಅಂದರೆ ಇಂದಿನ ಹಲಸಿಯಲ್ಲಿ, ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿದನೆಂದು ಪಟ ಹೇಳುತ್ತದೆ. ಆ ಕಾಲದ ಕಟ್ಟಡ ಮಾತ್ರ ಉಳಿದಿಲ್ಲ. ಮರ, ಇಟ್ಟಿಗೆ, ಮಣ್ಣುಗಳಿಂದ ಕಟ್ಟುವುದೇ ರೂಢಿಯಾಗಿದ್ದ ನಾಡಿನಲ್ಲಿ ಕಲ್ಲಿನಿಂದ ಕಟ್ಟುವ ನಿರ್ಧಾರ ಹೊಸ ನಿರ್ಧಾರವೇ ಸರಿ. ಮಲಪ್ರಭೆಯ ಈ ಕಣಿವೆಯಲ್ಲಿ, ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ನಡುವೆ, ಆರನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ ಚಾಳುಕ್ಯರ ಕಾಲದ ಶಿಲ್ಪಿಗಳು ಈ ನಿರ್ಧಾರವನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದರು. ಅವರ ಕೆಲಸವನ್ನು ಇತಿಹಾಸಕಾರರು ಶೈಲಿಯ ದೃಷ್ಟಿಯಿಂದ ಬೇಕಾದಷ್ಟು ವಿಮರ್ಶಿಸಿದ್ದಾರೆ: ಇದು ನಾಗರ, ಇದು ದ್ರಾವಿಡ, ಇದು ಕದಂಬನಾಗರ ಎಂದು. ಆ ಚರ್ಚೆಗೆ ಇಲ್ಲಿ ಪ್ರವೇಶಿಸಬೇಕಾದ ಅಗತ್ಯವಿಲ್ಲ. ಕಟ್ಟಡ ನಿಲ್ಲುವ ಬಗೆ, ಅದಕ್ಕೆ ಬಳಸಿದ ದ್ರವ್ಯ, ಅದು ಬಿಸಿಲು ಮಳೆ ಗಾಳಿಗಳನ್ನು ಎದುರಿಸುವ ರೀತಿ, ಈ ಮೂರನ್ನೂ ಅವರು ಬೇರೆ ಬೇರೆ ಪ್ರಶ್ನೆಗಳಾಗಿ ನೋಡಲಿಲ್ಲ ಎಂಬ ಒಂದು ಅಂಶವನ್ನಷ್ಟೇ ಇಲ್ಲಿ ವಿವೇಚಿಸುವುದು ಉದ್ದೇಶ. ಇಂದು ಅವನ್ನು ಮೂವರು ಬೇರೆ ಬೇರೆ ತಜ್ಞರು ನೋಡಿಕೊಳ್ಳುತ್ತಾರೆ. ಎಷ್ಟೋ ಕಡೆ ಯಾರೂ ನೋಡಿಕೊಳ್ಳುವುದಿಲ್ಲ.

ಮೇಗುಟಿ ಎಂಬುದು ಮೇಗುಡಿ, ಮೇಲಿನ ಗುಡಿ, ಎಂಬ ಮಾತಿನ ರೂಪಾಂತರ. ಹುನಗುಂದ ತಾಲೂಕಿನ ಐಹೊಳೆ ಗ್ರಾಮಕ್ಕೆ ಹೊಂದಿದ ಬೆಟ್ಟದ ಸಮತಟ್ಟಾದ ನೆತ್ತಿಯಲ್ಲಿ, ಹಳೆಯ ಕೋಟೆಯ ಒಳಗೆ ಇದು ಇದೆ. ಬೆಟ್ಟವೇ ಮರಳುಗಲ್ಲಿನದು. ಅದರ ಪದರಗಳು ಬಹುಮಟ್ಟಿಗೆ ಅಡ್ಡಲಾಗಿ ಹಾಸಿಕೊಂಡಿವೆ. ನಡುನಡುವೆ ನೆಟ್ಟಗೆ ಇಳಿಯುವ ಸೀಳುಗಳಿವೆ. ಹೀಗೆ ಹಾಸೂ ಸೀಳೂ ಇರುವ ಕಲ್ಲು ಉಳಿಗೆ ಸುಲಭವಾಗಿ ಒದಗುತ್ತದೆ. ಸುತ್ತಿಗೆಯ ಪೆಟ್ಟಿಗೆ ಹಾಸಿನ ಗುಂಟ ಚಪ್ಪಡಿಯಾಗಿ ಏಳುತ್ತದೆ. ಕಾಲಡಿಯಲ್ಲಿಯೂ ಸುತ್ತಲಿನ ಬೆಟ್ಟಗಳಲ್ಲಿಯೂ ಇದ್ದ ಕಲ್ಲೇ ಗೋಡೆಯಾಯಿತು, ಕಂಬವಾಯಿತು, ಸೂರಾಯಿತು. ದ್ರವ್ಯಕ್ಕಾಗಿ ದೇಶ ಸುತ್ತುವ ಪ್ರಸಂಗವೇ ಬರಲಿಲ್ಲ. ಪಟ್ಟದಕಲ್ಲಿನ ಸಮೀಪದ ಪ್ರಾಚೀನ ಕಲ್ಲುಗಣಿಯಲ್ಲಿ ಕೆಲಸಗಾರರು ಬಂಡೆಯ ಮೇಲೆ ಕೊರೆದ ತಮ್ಮ ಹೆಸರುಗಳು ಇಂದಿಗೂ ಕಾಣಸಿಗುತ್ತವೆ. ಕಲ್ಲನ್ನು ತೆಗೆದ ಸ್ಥಳವೂ ತೆಗೆದವರ ಹೆಸರೂ ತಿಳಿದಿರುವ ಕಟ್ಟಡಗಳು ನಮ್ಮ ಕಾಲದಲ್ಲಿ ಎಷ್ಟಿವೆ?

ಮೇಗುಟಿಯ ಗೋಡೆಗೆ ಗಾರೆಯಿಲ್ಲ. ಸಮನಾಗಿ ಕೆತ್ತಿದ ಕಲ್ಲುಗಳನ್ನು ಒಂದರ ಮೇಲೊಂದು ಕೂಡಿಸಿ, ತೂಕದಿಂದಲೇ ನಿಲ್ಲುವಂತೆ ಕಟ್ಟಿದ್ದಾರೆ. ಐಹೊಳೆಯ ಇತರ ಗುಡಿಗಳಲ್ಲಿ ಭಾರಿ ಗಾತ್ರದ ಬಂಡೆಗಳನ್ನು ಬಳಸಿದ್ದರೆ ಇಲ್ಲಿನ ಕಲ್ಲುಗಳು ಚಿಕ್ಕವು, ಅವುಗಳ ಕೂಡುಗಳು ನಯವಾದವು. ಕಲಾ ಇತಿಹಾಸಕಾರರು ಇದನ್ನು ಕೌಶಲದ ಮುನ್ನಡೆಯೆಂದು ಗುರುತಿಸಿದ್ದಾರೆ. ಚಿಕ್ಕ ಕಲ್ಲನ್ನು ಬೆಟ್ಟದ ಮೇಲೆ ಸಾಗಿಸಿ ಎತ್ತುವ ಶ್ರಮ ಕಡಿಮೆ. ಮುರಿದುಹೋದರೆ ನಷ್ಟವೂ ಕಡಿಮೆ. ಮರಳುಗಲ್ಲು ಒತ್ತಡವನ್ನು ತಾಳುವಷ್ಟು ಬಾಗನ್ನು ತಾಳಲಾರದು. ಅಡ್ಡತೊಲೆಯನ್ನು ಉದ್ದವಾಗಿ ಚಾಚಿದರೆ ನಡುವೆ ಬಿರಿಯುತ್ತದೆ. ಆದಕಾರಣ ಕಂಬಗಳ ನಡುವಣ ಅಂತರ ಕಿರಿದು, ಮಂಟಪ ಕಂಬಗಳಿಂದ ಕಿಕ್ಕಿರಿದಿದೆ. ಗರ್ಭಗೃಹದ ಸುತ್ತ ಗೋಡೆ, ಅದರ ಹೊರಗೆ ಸುತ್ತುಹಾದಿ, ಅದರಾಚೆ ಮತ್ತೆ ಗೋಡೆ. ಭಕ್ತರಿಗೆ ಇದು ಪ್ರದಕ್ಷಿಣಾಪಥ. ಕಟ್ಟುವವನ ಕಣ್ಣಿಗೆ ಇದು ಮೇಲಿನ ಅಂತಸ್ತಿನ ಭಾರವನ್ನು ಹೊರುವ ಜೋಡಿ ಗೋಡೆ. ಬೇಸಗೆಯ ಮಧ್ಯಾಹ್ನ ಒಳಗೆ ನಿಂತವನಿಗೆ ಇದು ಹೊರಗಿನ ಕಾವನ್ನು ತಡೆಯುವ ನೆರಳಿನ ಪಟ್ಟಿ. ಒಂದೇ ರಚನೆ ಮೂರು ಪ್ರಯೋಜನಗಳನ್ನು ಸಾಧಿಸುತ್ತದೆ. ಯಾವುದೊಂದಕ್ಕಾಗಿಯೂ ಬೇರೆ ಖರ್ಚಿಲ್ಲ.

ಬಸದಿ ಉತ್ತರಾಭಿಮುಖವಾಗಿದೆ. ಇದು ಬಿಸಿಲಿನ ಲೆಕ್ಕದಿಂದಲೇ ಆದದ್ದೆಂದು ಹೇಳಲು ಶಾಸನಾಧಾರವಿಲ್ಲ; ಜಿನಮಂದಿರಗಳಿಗೆ ಪೂರ್ವ ಮತ್ತು ಉತ್ತರ ದಿಕ್ಕುಗಳು ಪ್ರಶಸ್ತವೆಂಬ ಸಂಪ್ರದಾಯವೂ ಉಂಟು. ಪ್ರಾಚೀನರು ಮಾಡಿದ್ದೆಲ್ಲ ವಿಜ್ಞಾನವೇ ಎಂದು ಬೆನ್ನು ತಟ್ಟಿಕೊಳ್ಳುವ ಚಪಲ ಈಚೆಗೆ ಹೆಚ್ಚುತ್ತಿರುವುದರಿಂದ ಈ ಎಚ್ಚರಿಕೆ ಅಗತ್ಯ. ಫಲವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಬಾಗಿಲಿಗೆ ದಕ್ಷಿಣದ ಬಿಸಿಲು ಬೀಳುವುದಿಲ್ಲ.

ಈ ಬಸದಿ ಪೂರ್ತಿಯಾಗಲಿಲ್ಲ ಎಂಬುದೂ ಗಮನಾರ್ಹ. ಹೊರಗೋಡೆಯ ಗೂಡುಗಳು ಬರಿದಾಗಿವೆ. ಕೆತ್ತಬೇಕೆಂದು ಬಿಟ್ಟ ಕಲ್ಲುಗಳು ಕೆತ್ತದೆಯೇ ಉಳಿದಿವೆ. ಆದರೆ ಗೋಡೆ ನಿಂತಿದೆ, ಮೂಡಣ ಭಿತ್ತಿಯಲ್ಲಿ ಶಾಸನ ಓದುವಂತಿದೆ. ಅಲಂಕಾರ ಬಾಕಿ ಉಳಿದರೂ ಕಟ್ಟಡ 1390 ವರ್ಷ ಬಾಳಿತು. ಇದೇ ಬೆಟ್ಟದ ಇಳಿಜಾರಿನಲ್ಲಿ ಅರ್ಧ ಬಂಡೆಯಲ್ಲಿ ಕೊರೆದು ಅರ್ಧ ಕಟ್ಟಿದ ಎರಡು ಅಂತಸ್ತಿನ ಬೌದ್ಧ ವಿಹಾರವಿದೆ. ಬೆಟ್ಟದ ತಪ್ಪಲಿನಲ್ಲಿ ಪಾರ್ಶ್ವನಾಥ ಬಾಹುಬಲಿಗಳ ಮೂರ್ತಿಗಳುಳ್ಳ ಜೈನ ಗುಹೆಯಿದೆ. ಅದೇ ಬಂಡೆ ಒಂದೆಡೆ ಕೊರೆಯಲು, ಒಂದೆಡೆ ಕಟ್ಟಲು, ಒಂದೆಡೆ ಎರಡಕ್ಕೂ ಒದಗಿತು.

ಸೂರಿನ ಸಮಸ್ಯೆಯನ್ನು ಐಹೊಳೆಯವರು ಬಿಡಿಸಿದ ರೀತಿಯನ್ನು ನೋಡಬೇಕಾದರೆ ಬೆಟ್ಟದಿಂದಿಳಿದು ಲಾಡಖಾನ್ ಗುಡಿಗೆ ಬರಬೇಕು. ಹಿಂದೆ ಇದನ್ನು ಐದನೆಯ ಶತಮಾನದ್ದೆಂದು ಎಣಿಸುತ್ತಿದ್ದರು. ಈಗಿನ ವಿದ್ವಾಂಸರು ಇನ್ನೂ ಈಚಿನದೆಂದು ಹೇಳುತ್ತಾರೆ. ಇಲ್ಲಿ ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳ ನಡುವಣ ಕೂಡುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂಡಿಸಿದ್ದಾರೆ. ಮರದ ಮಾಡಿನಲ್ಲಿ ಹಲಗೆಗಳ ಸಂದಿಗೆ ರಿಪೀಸು ಹೊಡೆಯುವಂತೆ ಇದು. ಮಳೆಯ ನೀರು ಸಂದಿಗೆ ಇಳಿಯದೆ ಪಟ್ಟಿಯ ಎರಡು ಬದಿಗೆ ಸರಿದು ಇಳಿಜಾರಿನ ಗುಂಟ ಹರಿದುಹೋಗುತ್ತದೆ. ಪಟ್ಟಿಯ ತೂಕ ಚಪ್ಪಡಿಗಳನ್ನು ಅಲುಗದಂತೆ ಅದುಮಿ ಹಿಡಿಯುತ್ತದೆ. ಡಾಂಬರಿಲ್ಲ, ಲೇಪನವಿಲ್ಲ, ಗಾರೆಯೂ ಇಲ್ಲ. ಗೋಡೆಯಲ್ಲಿ ಕಲ್ಲಿನ ಜಾಲಾಂಧ್ರಗಳಿದ್ದು ಬೆಳಕೂ ಗಾಳಿಯೂ ಸೋಸಿಕೊಂಡು ಒಳಗೆ ಬರುತ್ತವೆ. ಹಿಂದೆ ಲಾಡಖಾನ್ ಎಂಬೊಬ್ಬನು ಇದರಲ್ಲಿ ವಾಸವಾಗಿದ್ದುದರಿಂದ ಗುಡಿಗೆ ಆ ಹೆಸರು ನಿಂತಿತು. ಐಹೊಳೆಯ ಎಷ್ಟೋ ಗುಡಿಗಳಲ್ಲಿ ಸಂಸಾರಗಳು ಬಾಳಿದವು, ದನಕರುಗಳನ್ನು ಕಟ್ಟಿದರು. ಸ್ಮಾರಕಕ್ಕೆ ಅದರಿಂದ ಹಾನಿಯಾದುದು ನಿಜ. ದೇವರಿಗಾಗಿ ಕಟ್ಟಿದ ಕಲ್ಲಿನ ಮನೆ ಮನುಷ್ಯನ ವಾಸಕ್ಕೂ ತಕ್ಕುದಾಗಿತ್ತೆಂಬುದೂ ಅದರಿಂದ ತಿಳಿಯುತ್ತದೆ.

ಇಪ್ಪತ್ತು ಮೂವತ್ತು ಕಿಲೋಮೀಟರಿನಾಚೆಯ ಬಾದಾಮಿಯಲ್ಲಿ ಈ ಕಲೆಯ ಮೊದಲ ಅಧ್ಯಾಯವಿದೆ. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿಯು ಬೆಟ್ಟವನ್ನು ದುರ್ಗವನ್ನಾಗಿ ಮಾಡಿದನೆಂದು ಬಂಡೆಯ ಶಾಸನ ಹೇಳುತ್ತದೆ. ಮೂರನೆಯ ಗುಹೆ ಮಂಗಳೇಶನು ಮಾಡಿಸಿದ್ದು, ಶಕವರ್ಷ 500, ಅಂದರೆ ಕ್ರಿ.ಶ. 578. ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿರುವುದು ಜೈನ ಗುಹೆ. ಈ ಗುಹೆಗಳೆಲ್ಲ ದಕ್ಷಿಣದ ಬೆಟ್ಟದಲ್ಲಿದ್ದು ಅಗಸ್ತ್ಯತೀರ್ಥದ ಕಡೆಗೆ, ಉತ್ತರಕ್ಕೆ ತೆರೆದುಕೊಂಡಿವೆ. ಬೆಟ್ಟವೇ ಬೆನ್ನಾಗಿ ದಕ್ಷಿಣದ ಬಿಸಿಲನ್ನು ತಡೆಯುತ್ತದೆ. ಮೇ ತಿಂಗಳಿಂದ ಆಗಸ್ಟಿನವರೆಗೆ ಈ ಅಕ್ಷಾಂಶದಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಕೊಂಚ ಉತ್ತರಕ್ಕೆ ಸರಿಯುವುದುಂಟು. ಆಗ ಮುಂಚಾಚಿದ ಕಪೋತ ಬಿಸಿಲನ್ನು ತಡೆಯುತ್ತದೆ. ಕಪೋತದಿಂದ ಮಳೆಯ ನೀರು ತೊಟ್ಟಿಕ್ಕಿ ಹೊರಗೇ ಬೀಳುವುದರಿಂದ ಕಂಬಸಾಲೆಯ ಒಳಗಣ ಶಿಲ್ಪ ನೆನೆಯುವುದಿಲ್ಲ. ಗುಹೆಯೆಂದರೆ ಸೂರಿನ ಮೇಲೆ ಬಂಡೆಯ ದಪ್ಪವೇ ಹೊದಿಕೆ. ಹಗಲು ರಾತ್ರಿಗಳ ಉಷ್ಣತೆಯ ಏರಿಳಿತ ಅಲ್ಲಿಗೆ ತಲುಪುವುದು ಬಹಳ ಮಂದವಾಗಿ. ಬಳ್ಳಿ ಹಬ್ಬಿದ ಬಾಹುಬಲಿಯ ಎದುರು ಬೇಸಗೆಯಲ್ಲಿ ನಿಂತವರು ಆ ತಂಪನ್ನು ಬಲ್ಲರು.

ನೀರಿನ ಮಾತು ಬಿಟ್ಟರೆ ಈ ನಾಡಿನ ಕಟ್ಟಡದ ಮಾತು ಅರ್ಧವಾಗುತ್ತದೆ. ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರು ಮಳೆ, ಅದೂ ಕೆಲವೇ ವಾರಗಳಲ್ಲಿ. ಬಾದಾಮಿಯಲ್ಲಿ ಎರಡು ಬೆಟ್ಟಗಳ ನಡುವಣ ಕೊಳ್ಳಕ್ಕೆ ಕಟ್ಟೆ ಹಾಕಿ ಅಗಸ್ತ್ಯತೀರ್ಥವನ್ನು ನಿಲ್ಲಿಸಿದರು. ಬಂಡೆಗಳ ಮೇಲಿಂದ ಇಳಿಯುವ ನೀರು ಅದರಲ್ಲಿ ಸೇರುತ್ತದೆ. ಮರಳುಗಲ್ಲಿನ ಸೀಳುಗಳಲ್ಲಿ ಇಂಗಿದ ನೀರು ತಪ್ಪಲಿನಲ್ಲಿ ಚಿಲುಮೆಯಾಗಿ ಏಳುತ್ತದೆ. ಮಹಾಕೂಟದ ಪುಷ್ಕರಿಣಿ ಅಂಥ ಚಿಲುಮೆಯ ನೀರಿನದು. ಬನಶಂಕರಿಯ ಹೊಂಡ, ಐಹೊಳೆಯ ಗುಡಿಗಳ ಪಕ್ಕದ ಮೆಟ್ಟಿಲುಬಾವಿಗಳು ಇವೆಲ್ಲ ಒಂದೇ ತಿಳಿವಳಿಕೆಯ ಬೇರೆ ಬೇರೆ ರೂಪಗಳು. ಮೊದಲು ನೀರಿನ ನೆಲೆ, ಆಮೇಲೆ ಗುಡಿಯ ನೆಲೆ.

ಅರಸರ ಗುಡಿಗಳಲ್ಲಿ ಕಂಡ ಈ ವಿವೇಕ ಒಕ್ಕಲಿಗರ, ವರ್ತಕರ, ನೇಕಾರರ ಮನೆಗಳಲ್ಲಿಯೂ ಬೇರೆ ದ್ರವ್ಯದಲ್ಲಿ ಉಳಿದು ಬಂತು. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಹಳೆಯ ಮಾಳಿಗೆಮನೆಗಳು ಇದಕ್ಕೆ ಸಾಕ್ಷಿ. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ಮೇಲ್ಮುದ್ದೆಗೆ ಎಲ್ಲ ಮಣ್ಣೂ ಬರುವುದಿಲ್ಲ. ನೆನೆದಾಗ ಬಿರುಕು ತಾನೇ ಮುಚ್ಚಿಕೊಳ್ಳುವ ಹಾಳುಮಣ್ಣನ್ನು ಹುಡುಕಿ ತಂದು, ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆಯ ಮೇಲೆ ಹರಡುವರು. ನೀರು ಹರನಾಳಿಗೆಗಳ ಮೂಲಕ ಗೋಡೆಗೆ ತಾಗದಂತೆ ದೂರ ಬೀಳುತ್ತದೆ. ನಡುಮನೆಗೆ ಬೀದಿಯ ಕಡೆಯಿಂದ ಕಿಟಕಿಯಿಲ್ಲ. ಬೆಳಕು ಸೂರಿನ ಬೆಳಕಿಂಡಿಯಿಂದ ಇಳಿಯುತ್ತದೆ, ಕಾದ ಗಾಳಿ ಅದರಿಂದಲೇ ಮೇಲೇರಿ ಹೋಗುತ್ತದೆ. ಹಗಲಿನ ಕಾವು ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಇರುಳಾಗಿರುತ್ತದೆ. ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಹಾಸಿಗೆ ಬಿಚ್ಚಿರುತ್ತಾರೆ. ಇಳಕಲ್ಲಿನ ಕುಣಿಮಗ್ಗದ ಮನೆಯಲ್ಲಿ ನೇಕಾರನ ಕಾಲು ನೆಲದೊಳಗಿನ ಕುಣಿಯಲ್ಲಿರುತ್ತದೆ. ಮಣ್ಣಿನ ನೆಲದ ತೇವ ನೂಲನ್ನು ಒಣಗಗೊಡದೆ ಕಾಯುತ್ತದೆ. ಒಣಗಿದರೆ ಎಳೆ ಹರಿಯುತ್ತದೆ. ಅಲ್ಲಿ ಮನೆಯೇ ಮಗ್ಗದ ಒಂದು ಅಂಗ. ನೆಲಕ್ಕೆ ನುಣ್ಣನೆಯ ಫರಸಿ ಹಾಕಿ, ಮೇಲೆ ತಗಡು ಹೊದಿಸಿದ ದಿನ ನೇಕಾರನ ಕಷ್ಟ ಶುರುವಾಯಿತೆಂದೇ ತಿಳಿಯಬೇಕು.

ಶ್ರಾವಕರ ಮನೆಗಳಲ್ಲಿ ಈ ರಚನೆಗೆ ಆಚಾರವೂ ಹೊಂದಿಕೊಂಡಿತು. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಅಡುಗೆಯೂ ಊಟವೂ ಸೂರ್ಯಾಸ್ತಕ್ಕೆ ಮುಂಚೆ ಮುಗಿಯಬೇಕು. ಧಾನ್ಯದಲ್ಲಿನ ಹುಳು ಕಾಣುವಷ್ಟು ಬೆಳಕು ಒಲೆಯ ಹತ್ತಿರ ಬೇಕು. ಆದುದರಿಂದ ಅಡುಗೆಮನೆಯ ಬೆಳಕಿಂಡಿ ಅಲ್ಲಿ ಸೌಕರ್ಯವಲ್ಲ, ವ್ರತದ ಸಾಧನ. ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರು ತಂದ ನೆಲೆಗೇ ಹಿಂದಿರುಗಿಸಬೇಕೆಂಬುದು ವಿಧಿ. ಬಾವಿ ಅಂಗಳದಲ್ಲಿದ್ದಾಗ ಅದು ಸಾಧ್ಯ. ನಲ್ಲಿಯ ನೀರಿಗೆ ನೆಲೆಯೇ ಗೊತ್ತಿಲ್ಲದಿರುವಾಗ ಜೀವಾಣಿಯನ್ನು ಎಲ್ಲಿಗೆ ಒಯ್ಯುವುದು? ಈ ಪ್ರಶ್ನೆಯನ್ನು ಹಿರಿಯರು ಕೇಳಿದರೆ ಕಿರಿಯರು ನಗುತ್ತಾರೆ. ಉತ್ತರ ಮಾತ್ರ ಯಾರೂ ಕೊಟ್ಟಂತಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಏಕಪಕ್ಷೀಯ ವಾದವಾದೀತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸುಮಾರು ಹತ್ತು ಸಾವಿರ ಜನ ಮಡಿದರು. ಅವರನ್ನು ಕೊಂದುದು ಬಹುಮಟ್ಟಿಗೆ ಇಂಥ ಮನೆಗಳೇ: ಗುಂಡುಕಲ್ಲು ಮಣ್ಣಿನ ದಪ್ಪ ಗೋಡೆ, ವರ್ಷ ವರ್ಷವೂ ಮಣ್ಣು ಏರಿಸಿ ಭಾರವಾದ ಮಾಳಿಗೆ. ಆದರೆ ತನಿಖೆ ಮಾಡಿದವರು ಇನ್ನೊಂದನ್ನೂ ಕಂಡರು. ಮಾಳಿಗೆಯ ಭಾರವನ್ನು ಮರದ ಕಂಬ ತೊಲೆಗಳ ಚೌಕಟ್ಟು ಹೊತ್ತಿದ್ದ ಕಡೆಗಳಲ್ಲಿ ಗೋಡೆ ಬಿದ್ದರೂ ಸೂರು ನಿಂತ ಉದಾಹರಣೆಗಳಿದ್ದವು. ಮರ ದುಬಾರಿಯಾಗಿ ಕಂಬಗಳನ್ನು ಬಿಟ್ಟು ತೊಲೆಯನ್ನು ನೇರವಾಗಿ ಗೋಡೆಗೇರಿಸಿದಾಗ ಮನೆಯ ಹೊರರೂಪ ಹಾಗೇ ಉಳಿಯಿತು, ಅದರ ಎಲುಬು ಹೋಯಿತು. 2009ರ ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತು ಅಸಂಖ್ಯ ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣವನ್ನೇ ಹೊಕ್ಕಿತು. ನೆನೆದ ಗೋಡೆ ಕುಸಿದು ಮಕ್ಕಳನ್ನು ಕಳೆದುಕೊಂಡವರ ಎದುರು ಮಣ್ಣಿನ ಮನೆಯ ತಂಪನ್ನು ಹೊಗಳುವುದು ಕ್ರೌರ್ಯ. ಅವರು ಸಿಮೆಂಟಿನ ಸೂರನ್ನು ಬಯಸಿದರೆ ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಬೇರೆಡೆಯಲ್ಲಿ. ಹಳೆಯ ಮನೆಯಲ್ಲಿ ಎಲುಬನ್ನು ಕಳೆದು ತಂಪನ್ನು ಉಳಿಸಿಕೊಂಡರು. ಹೊಸ ಮನೆಯಲ್ಲಿ ಎಲುಬನ್ನು ಕೊಟ್ಟು ತಂಪನ್ನು ಕಳೆದರು. ನಾಲ್ಕೈದು ಅಂಗುಲದ ಕಾಂಕ್ರೀಟು ಹಲಗೆ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಕಾದು, ಮಲಗುವ ಹೊತ್ತಿಗೆ ಆ ಕಾವನ್ನು ಕೆಳಗೆ ಮಲಗಿದವರ ಮೇಲೆ ಇಳಿಸುತ್ತದೆ. ಅದರ ಮೇಲೆ ಅರ್ಧ ಅಡಿ ಮಣ್ಣೋ ಸುಣ್ಣದ ಗಚ್ಚೋ ಬಿಳಿಯ ಹಾಸೋ ಬೇಕೆಂಬ ವಿಚಾರ ನಕ್ಷೆ ಬರೆಯುವವನಿಗೂ ಬರಲಿಲ್ಲ, ಹಣ ಕೊಡುವವನಿಗೂ ಬರಲಿಲ್ಲ.

ಬಾಗಲಕೋಟೆಗೆ ಇದು ದೂರದ ವಿಚಾರವಲ್ಲ. ಆಲಮಟ್ಟಿಯ ಹಿನ್ನೀರಿನಿಂದ ಮುಳುಗುವ ಹಳೆಯ ಊರಿನ ಜನರಿಗಾಗಿ ನವನಗರವನ್ನು ಕಟ್ಟಲು 1983ರ ಕಾಯಿದೆಯ ಮೇರೆಗೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು; ಹೊಸ ಊರಿನ ಯೋಜನೆಯನ್ನು ರೂಪಿಸಿದವರು ಚಾರ್ಲ್ಸ್ ಕೊರಿಯಾ. 2015ರಲ್ಲಿ ತೀರಿಕೊಂಡ ಕೊರಿಯಾ ಸಾಮಾನ್ಯ ನಗರತಜ್ಞರಲ್ಲ. ಅಹಮದಾಬಾದಿನಲ್ಲಿ 1960ರ ದಶಕದ ಆರಂಭದಲ್ಲಿಯೇ ಕಾದ ಗಾಳಿ ಇಳಿಮಾಡಿನ ಗುಂಟ ಮೇಲೇರಿ ಹೋಗುವಂತೆ ಕೊಳವೆಯಾಕಾರದ ಮನೆಯನ್ನು ರಚಿಸಿದವರು. ಬಿಸಿಲುನಾಡಿನಲ್ಲಿ ಅಂಗಳವೂ ಮಾಳಿಗೆಯೂ ಕೋಣೆಯಷ್ಟೇ ಮುಖ್ಯವೆಂದು ಜೀವನದುದ್ದಕ್ಕೂ ಪ್ರತಿಪಾದಿಸಿದವರು. ಅಂಥವರ ಕೈಯಿಂದ ಊರಿನ ವಿನ್ಯಾಸ ಬಂದಿತೆಂಬುದು ಬಾಗಲಕೋಟೆಯ ಭಾಗ್ಯ. ಆದರೆ ಊರಿನ ನಕ್ಷೆಯನ್ನು ಯೋಜಕ ಬರೆದರೂ ಪ್ರತಿಯೊಂದು ನಿವೇಶನದಲ್ಲಿ ಮನೆ ಕಟ್ಟಿದವರು ಮಾಲೀಕರೇ, ಅವರವರ ಗುತ್ತಿಗೆದಾರರೇ. ಹಳೆಯ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಒಂದು ಗೋಡೆ ಎರಡು ಮನೆಗೆ ನೆರಳಾಗುತ್ತಿತ್ತು. ನಿವೇಶನದ ಸುತ್ತ ನಾಲ್ಕೂ ಕಡೆ ಜಾಗ ಬಿಟ್ಟು ಕಟ್ಟಿದ ಒಂಟಿ ಮನೆಗೆ ನಾಲ್ಕೂ ಕಡೆ ಬಿಸಿಲು. ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. ಅದು ಕಾರ್ಯಗತವಾದ ದಿನ ಇನ್ನೂ ಎಷ್ಟೋ ಹಳ್ಳಿಗಳೂ ಬಾಗಲಕೋಟೆಯ ಉಳಿದ ಭಾಗವೂ ಸ್ಥಳಾಂತರವಾಗಬೇಕು. ಮನೆಗಳೊಡನೆ ಗುಡಿ, ಬಸದಿ, ಮಸೀದಿ, ಮಠಗಳೂ ಹೊಸ ನೆಲದಲ್ಲಿ ಏಳಬೇಕು. ಹೇಗೆ ಕಟ್ಟಬೇಕೆಂಬ ಪ್ರಶ್ನೆಗೆ ಆಗ ಸಮಯವಿರುವುದಿಲ್ಲ; ಈಗಲೇ ಯೋಚಿಸಬೇಕು.

ಈ ಯೋಚನೆಗೆ ಶ್ರಾವಕಾಚಾರದ ಗ್ರಂಥಗಳಲ್ಲಿ ಆಧಾರ ಬೇಕಾದಷ್ಟಿದೆ. ಮನೆ ಕಟ್ಟುವುದರಲ್ಲಿ ಹಿಂಸೆ ಇಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ. ಅದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭಿ ಹಿಂಸೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆ ಎಂಬುದನ್ನು ಸೇರಿಸಿದ್ದಾರೆ: ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕೆಡಿಸುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಮರಗಳನ್ನು ಕಡಿಯುವುದು ಇದರಲ್ಲಿ ಬರುತ್ತವೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳಲ್ಲಿ ಜೀವವನ್ನು ಕಂಡ ದರ್ಶನಕ್ಕೆ ಇದು ಸಹಜ. ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹ ಪರಿಮಾಣವನ್ನು ಮೀರುವ ಅತಿಚಾರಗಳನ್ನು ಎಣಿಸುವಾಗ ಚಿನ್ನ ಬೆಳ್ಳಿಗಳಿಗಿಂತ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಶ್ವೇತಾಂಬರ ಗ್ರಂಥಗಳು ಶ್ರಾವಕನು ಬಿಡಬೇಕೆಂದು ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಸೀಳುವ ಸ್ಫೋಟಕರ್ಮವೂ ಒಂದು. ಇಳಕಲ್ಲು ಹುನಗುಂದಗಳ ಕೆಂಪು ಗ್ರಾನೈಟು ದೇಶವಿದೇಶಗಳಿಗೆ ಹೋಗುತ್ತದೆ. ಬಣ್ಣದಲ್ಲಿ ಕೊಂಚ ಏರುಪೇರಿದ್ದರೆ, ಒಂದು ಗೆರೆ ಅಡ್ಡ ಬಂದಿದ್ದರೆ ಬಂಡೆಯನ್ನು ತಿರಸ್ಕರಿಸಿ ಗಣಿಯ ಪಕ್ಕ ಒಟ್ಟುತ್ತಾರೆ. ಆ ತಿರಸ್ಕೃತ ಕಲ್ಲು ಗೋಡೆಗೆ ಯೋಗ್ಯವಾದದ್ದೇ. ಅದೇ ಊರಿನಲ್ಲಿ ಹೊರಗಿನಿಂದ ತಂದ ಹಂಚಿನ ಬಿಲ್ಲೆಗಳನ್ನು ಗೋಡೆಗೆ ಮೆತ್ತುವುದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು?

ಲೆಕ್ಕವೆಂದರೆ ವರ್ತಕರಿಗೆ ಅರ್ಥವಾಗುವ ಮಾತು. ಟ್ರಸ್ಟಿನ ಸಭೆಯಲ್ಲಿ ಜೀರ್ಣೋದ್ಧಾರದ ಅಂದಾಜುಪಟ್ಟಿ ಬಂದಾಗ ಕಟ್ಟುವ ಖರ್ಚು ಮಾತ್ರ ಅದರಲ್ಲಿರುತ್ತದೆ. ಇಪ್ಪತ್ತು ವರ್ಷ ಪಂಖಗಳಿಗೂ ಶೀತಕ ಯಂತ್ರಗಳಿಗೂ ಕಟ್ಟಬೇಕಾದ ವಿದ್ಯುತ್ತಿನ ಬಿಲ್ಲು, ಸೋರುವ ಸೂರಿನ ದುರಸ್ತಿ, ಸವಕಳಿ, ಇವಾವುವೂ ಇರುವುದಿಲ್ಲ. ಪ್ರಪಂಚದಲ್ಲಿ ಮನುಷ್ಯನಿಂದ ಹೊರಬೀಳುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ಅದು ಯಾರ ಖಾತೆಗೂ ಖರ್ಚು ಬೀಳುವುದಿಲ್ಲ. ಸಾವಿರ ಕಿಲೋಮೀಟರಿಗೂ ಆಚೆಯ ಮಕ್ರಾಣದ ಅಮೃತಶಿಲೆಯನ್ನು ಲಾರಿಯಲ್ಲಿ ತರಿಸಿ, ಮರಳುಗಲ್ಲಿನ ಹಳೆಯ ನೆಲದ ಮೇಲೆ ಹಾಸಿ, ದಾನಿಗಳ ಹೆಸರು ಕೆತ್ತಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿಯೂ ವ್ಯಾಪಕವಾಗುತ್ತಿದೆ. ದಾನಿಗಳ ಭಕ್ತಿ ಪ್ರಶ್ನಾತೀತ. ದ್ರವ್ಯದ ಆಯ್ಕೆ ಪ್ರಶ್ನಾತೀತವಲ್ಲ.

ಹಳೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವುದು ಇನ್ನೂ ಅಪಾಯದ್ದು. ಮರಳುಗಲ್ಲು ನೀರನ್ನು ಹೀರುವ ಕಲ್ಲು. ಹೀರಿದ್ದನ್ನು ಹೊರಗೆ ಬಿಡುವುದೂ ಅದರ ಸ್ವಭಾವ. ಸುಣ್ಣದ ಗಾರೆ ಅದಕ್ಕೆ ಅವಕಾಶ ಕೊಡುತ್ತದೆ. ಸಿಮೆಂಟು ಕಲ್ಲಿಗಿಂತ ಗಟ್ಟಿ, ಬಿಗಿ. ಅದರ ಹಿಂದೆ ಸಿಕ್ಕಿದ ತೇವ ಹೊರಬರಲಾರದೆ, ತನ್ನಲ್ಲಿ ಕರಗಿದ ಲವಣವನ್ನು ಕಲ್ಲಿನ ರಂಧ್ರಗಳಲ್ಲಿಯೇ ಹರಳುಗಟ್ಟಿಸುತ್ತದೆ. ಹರಳು ಹಿಗ್ಗಿ ಕಲ್ಲಿನ ಮುಖ ಹಪ್ಪಳದಂತೆ ಏಳುತ್ತದೆ. ಕೆಲವು ವರ್ಷಗಳ ಬಳಿಕ ಗಿಲಾವು ಬೀಳುವಾಗ ಒಂದು ಪದರ ಕಲ್ಲನ್ನೂ, ಅದರ ಮೇಲಿನ ಅಕ್ಷರವನ್ನೂ ಕಿತ್ತುಕೊಂಡೇ ಬೀಳುತ್ತದೆ. ಮೇಗುಟಿಯ ಶಾಸನ ಉಳಿದುದಕ್ಕೆ ಅದರ ಮೇಲೆ ಯಾರೂ ಗಿಲಾವು ಮಾಡದೆ ಬಿಟ್ಟುದೂ ಒಂದು ಕಾರಣವೆಂದರೆ ಅತಿಶಯೋಕ್ತಿಯಲ್ಲ.

ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯವೆಂದು 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಐಹೊಳೆ ಬಾದಾಮಿಗಳ ಹೆಸರಾಂತ ಸ್ಮಾರಕಗಳಿಗೆ ಈ ರಕ್ಷಣೆ ಉಂಟು. ಟ್ರಸ್ಟುಗಳ ವಶದಲ್ಲಿರುವ, ಯಾವ ಪಟ್ಟಿಯಲ್ಲಿಯೂ ಸೇರದ ನೂರಾರು ಚಿಕ್ಕ ಬಸದಿಗಳಿಗೆ ರಕ್ಷಣೆಯೆಂದರೆ ಟ್ರಸ್ಟಿನ ಸದಸ್ಯರ ವಿವೇಕವೊಂದೇ. ಅಂಥ ಬಸದಿಯ ಸೂರು ಸೋರಿದಾಗ ಮೊದಲು ಆಗಬೇಕಾದ ಕೆಲಸ ಅಂದಾಜುಪಟ್ಟಿಯಲ್ಲ. ಸುಣ್ಣದ ಕೆಲಸ ಬಲ್ಲ ಒಬ್ಬ ಗೌಂಡಿಯನ್ನು ಕರೆದುಕೊಂಡು, ರೋಹಿಣಿ ಮಳೆಗೆ ಮೊದಲು, ಮಾಡಿನ ಮೇಲೆ ಹತ್ತಿ ನೋಡಬೇಕು. ಎಷ್ಟೋ ಸಲ ದೋಷವಿರುವುದು ಕಲ್ಲಿನಲ್ಲಲ್ಲ; ಹರನಾಳಿಗೆಯಲ್ಲಿ ಎಲೆ ತುಂಬಿರುತ್ತದೆ, ಸಂದಿಯಲ್ಲಿ ಅರಳಿಯ ಸಸಿ ಬೇರು ಬಿಟ್ಟಿರುತ್ತದೆ, ಕೂಡಿನ ಗಚ್ಚು ಉದುರಿರುತ್ತದೆ. ನಾಳಿಗೆಯನ್ನು ತೆರವು ಮಾಡಿ, ಸಸಿಯನ್ನು ಬೇರುಸಹಿತ ಬಿಡಿಸಿ ಬೇರೆಡೆ ನೆಟ್ಟು, ಸಂದಿಗೆ ಸುಣ್ಣದ ಗಚ್ಚು ತುಂಬಿ, ಒಂದು ಮಳೆಗಾಲ ಕಾದು ನೋಡುವುದು. ಆಮೇಲೂ ಸೋರಿದರೆ ಸಭೆ ಕರೆಯಬಹುದು.